ಎರಡು ಕೋಣೆ, ಒಂದೇ ಪ್ರಶ್ನೆ

ಜುಲೈ ೧೨

ಅಪ್ಪ,

ಮೊದಲೇ ಸಾರಿ ಕೇಳಿಬಿಡುತ್ತೇನೆ. ಕಾಗದ ಬರೆಯುವಂಥದ್ದೇನೂ ಆಗಿಲ್ಲ. ನನಗೆ ಜ್ವರ ಇಲ್ಲ, ಯಾರೂ ಬೈದಿಲ್ಲ, ಫೇಲೂ ಆಗಿಲ್ಲ. ಕವರ್ ನೋಡಿದ ಕೂಡಲೆ ನಿಮ್ಮ ಎದೆ ಧಸಕ್ ಎಂದಿರುತ್ತದೆ ಎಂದು ಗೊತ್ತು, ಅದಕ್ಕೇ ಮೊದಲ ಸಾಲಿನಲ್ಲೇ ಹೇಳಿಬಿಟ್ಟೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು "ಊಟ ಆಯ್ತಾ" ಅಂತೀರಿ, ನಾನು "ಆಯ್ತು, ನಿಮ್ದು?" ಅಂತೀನಿ, ನೀವು "ಹ್ಞೂ" ಅಂತೀರಿ, ಆಮೇಲೆ ಸೇತುವೆ ಮೇಲಿನ ಗಾಳಿ ಮಾತ್ರ ಕೇಳಿಸುತ್ತದೆ. ಇದನ್ನೆಲ್ಲ ಆ ಗಾಳಿಗೆ ಹೇಳಲಿಕ್ಕೆ ನನ್ನಿಂದ ಆಗುವುದಿಲ್ಲ.

ಸ್ಕೂಲಿನಲ್ಲಿ ಪತ್ರಲೇಖನ ಎಂದರೆ ಐದು ಮಾರ್ಕ್ಸು. ತೀರ್ಥರೂಪು ಎಂದು ಶುರುಮಾಡಿ, ಟೂರಿಗೆ ಹೋಗಲು ಪರ್ಮಿಶನ್ ಕೇಳಿ, ವಿಧೇಯ ಪುತ್ರಿ ಎಂದು ಮುಗಿಸಿದರೆ ನಾಲ್ಕೂವರೆ ಗ್ಯಾರಂಟಿ. ನಿಜವಾದ ಕಾಗದ ಬರೆಯುತ್ತಿರುವುದು ಇದೇ ಮೊದಲು. ಮಧ್ಯೆ ಮಧ್ಯೆ ಇಂಗ್ಲಿಷ್ ನುಗ್ಗಿದರೆ ದಾಟಿಕೊಂಡು ಓದಿ.

ವಿಷಯ ಇಷ್ಟು. ನಮ್ಮ ಕಾಲೇಜಿನ ಫಸ್ಟ್ ಇಯರಿನವರು ಶನಿವಾರ ಶನಿವಾರ ಯಾವುದಾದರೂ ಸಮಾಜಸೇವೆ ಮಾಡಲೇಬೇಕು. ಗಿಡ ನೆಡುವ ಗುಂಪು ಭರ್ತಿಯಾಗಿತ್ತು. ಮಕ್ಕಳಿಗೆ ಹಾಡು ಕಲಿಸುವ ಗುಂಪಿನವರು ನನ್ನ ದನಿ ಕೇಳಿ ಮರ್ಯಾದೆಯಿಂದ ಬೇಡವೆಂದರು. ಉಳಿದದ್ದು ವಾರ್ಡ್ ಆಫೀಸಿನ ಸಹಾಯ ಕೌಂಟರು. ಕೌಂಟರು ಎಂದರೆ ಮೆಟ್ಟಿಲ ಕೆಳಗಿನ ಇಳಿಜಾರು ಜಾಗದಲ್ಲಿ ಒಂದು ಮೇಜು, ಎರಡು ಕುರ್ಚಿ. ಮರೆತು ನಿಂತರೆ ತಲೆ ತಾಗುತ್ತದೆ. ಈ ಬಡಾವಣೆಯಲ್ಲಿ ಗುರುತಿನ ಕಾರ್ಡ್ ಇಲ್ಲದವರೆಲ್ಲ ಅಲ್ಲಿಗೆ ಬರುತ್ತಾರೆ. ಕಾರ್ಡ್ ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಇಲ್ಲ, ಬಸ್ ಪಾಸ್ ಇಲ್ಲ, ಪಿಂಚಣಿ ಇಲ್ಲ, ಮಗುವನ್ನು ಸ್ಕೂಲಿಗೆ ಸೇರಿಸುವ ಹಾಗೂ ಇಲ್ಲ. ಕೌಂಟರ್ ನಡೆಸುವವರನ್ನು ಎಲ್ಲರೂ ಕೌಂಟರಕ್ಕ ಎನ್ನುತ್ತಾರೆ. ಸಣ್ಣ ಆಳು, ದೊಡ್ಡ ದನಿ. ಬಂದವರು ನಡುಗುತ್ತಾ ನಿಂತರೆ, "ಹೆದರ್ಕೋಬೇಡಿ, ನಿಮ್ಮನ್ನ ನೋಡಿ ಸರ್ಕಾರಾನೂ ಹೆದರ್ಕೊಂಡೇ ಕೂತಿರುತ್ತೆ" ಎನ್ನುತ್ತಾರೆ.

ನನ್ನ ಕೆಲಸ ಫೋಟೋ ತೆಗೆಯುವುದು. ಎರಡೂ ಕಿವಿ ಕಾಣಬೇಕು ಎಂಬುದು ರೂಲು, ಹಾಗಾಗಿ ಬಂದವರ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸುವುದೂ ನಾನೇ. ಹಾಸಿಗೆ ಹೊಲಿಯುವ ಒಬ್ಬರ ಕೂದಲಿನಲ್ಲಿ ಹತ್ತಿ ಅಂಟಿಕೊಂಡಿತ್ತು, ತೆಗೆದೆ. ಅವರು ಕಣ್ಣುಮುಚ್ಚಿ ಕೂತಿದ್ದರು. ಈಗ ಯೋಚಿಸಿದರೆ, ಇಡೀ ವಾರದಲ್ಲಿ ನಾನು ಯಾರನ್ನಾದರೂ ಮುಟ್ಟುವುದು ಅಂದರೆ ಇದೊಂದೇ ಹೊತ್ತು.

ಕಳೆದ ವಾರ ಹಾಜರಿ ಬರೆಯುವಾಗ ಕೌಂಟರಕ್ಕ ನನ್ನ ಕಾರ್ಡ್ ನಂಬರ್ ಕೇಳಿದರು. ಸ್ಕೂಲ್ ಹಾಸ್ಟೆಲಿನವರು ಕೊಟ್ಟಿದ್ದ ಪಾಸ್ ತೋರಿಸಿದೆ.

"ಇದು ಹದಿನೆಂಟಕ್ಕೇ ಸತ್ತೋಯ್ತಲ್ಲೇ. ಮನೆ ಅಡ್ರೆಸ್ ಯಾವ್ದು?"

ನಾನು ನಕ್ಕೆ. ನಗು ಬಂದು ನಕ್ಕದ್ದಲ್ಲ.

"ಅಪ್ಪ ಎಲ್ಲಿರ್ತಾರೆ?"

"ಸೇತುವೆ ಮೇಲೆ."

"ಯಾವ ಸೇತುವೆ?"

"ಅದು ಬದಲಾಗ್ತಾ ಇರುತ್ತೆ ಅಕ್ಕ. ಒಂದಕ್ಕೆ ಪೇಂಟ್ ಮಾಡಿ ಮುಗಿದ್ರೆ ಇನ್ನೊಂದು."

ಕ್ಯೂನಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ಕಾರ್ಡ್ ಮಾಡಿಸಿಕೊಡುವವಳಿಗೇ ಕಾರ್ಡಿಲ್ಲ.

ಕಾಗದಪತ್ರ ಇಲ್ಲದವರಿಗೆ ಒಂದು ದಾರಿ ಇದೆ ಅಪ್ಪ. ಕಾರ್ಡ್ ಇರುವ ಒಬ್ಬರು ಬಂದು "ಇವರು ನನಗೆ ಗೊತ್ತು" ಎನ್ನಬೇಕು. ಬರೀ ಹಾಗೆಂದರೆ ಸಾಲದು. ಆಫೀಸರುಗಳು ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಒಂದೇ ಪ್ರಶ್ನೆಗಳನ್ನು ಕೇಳುತ್ತಾರೆ. ಎದ್ದ ಕೂಡಲೆ ಏನು ಮಾಡುತ್ತಾರೆ, ಏನು ಸೇರುವುದಿಲ್ಲ, ಸಿಟ್ಟು ಬಂದರೆ ಹೇಗಿರುತ್ತಾರೆ, ಇಂಥವು. ಮನೆಯೊಳಗಿನ ಮಾತು. ಎರಡೂ ಕೋಣೆಯ ಉತ್ತರ ಹೊಂದಿದರೆ ಕಾರ್ಡು. ದೊಡ್ಡವರಿಗೆ ಪಕ್ಕದ ಮನೆಯವರಾದರೂ ನಡೆಯುತ್ತದೆ. ಓದುವ ಮಕ್ಕಳಿಗೆ ತಂದೆ ಅಥವಾ ತಾಯಿಯೇ ಆಗಬೇಕು. ಅಂದರೆ ನೀವೇ.

ಡಿಸೆಂಬರ್ ಮುಗಿಯುವುದರೊಳಗೆ ಕಾರ್ಡ್ ನಂಬರ್ ಕೊಡದವರಿಗೆ ರೂಮು ಮುಂದುವರಿಸುವುದಿಲ್ಲ ಎಂದು ಹಾಸ್ಟೆಲಿನಲ್ಲಿ ನೋಟಿಸ್ ಹಾಕಿದ್ದಾರೆ. ಹಾಸ್ಟೆಲ್ ಬಿಟ್ಟರೆ ನಾನು ಎಲ್ಲಿಗೆ ಹೋಗಬೇಕು ಎನ್ನುವುದು ನನಗೆ ನಿಜಕ್ಕೂ ಗೊತ್ತಿಲ್ಲ. ಇದು ಕಂಪ್ಲೇಂಟ್ ಅಲ್ಲ, ಮಾಹಿತಿ.

ನಿಮ್ಮ ಮಗಳು


ಆಗಸ್ಟ್ ೩

ಮರಿ,

ಕಾಗದ ಸಿಕ್ತು. ಸೈಟಿಗೆ ಕಂಪನಿ ಪತ್ರ ಬಿಟ್ರೆ ಬೇರೆ ಏನೂ ಬರಲ್ಲ, ಗ್ಯಾಂಗಿನವರೆಲ್ಲ ಯಾರದು ಯಾರದು ಅಂದ್ರು. ಮಗಳದ್ದು ಅಂದೆ. ಉದ್ದಣ್ಣ "ಏನಂತೆ, ಮದುವೆಗಿದುವೆನಾ?" ಅಂದ. ಉದ್ದಣ್ಣ ಅಂದ್ರೆ ಹಗ್ಗ ಹಿಡಿಯೋನು. ನಾನು ಬ್ರಶ್ ಹಿಡ್ಕೊಂಡು ಕೆಳಗೆ ತೂಗಾಡ್ತಿರುವಾಗ ನನ್ನ ಜೀವ ಅವನ ಕೈಲಿ. ಕಾರ್ಡಿಗೆ ಅಂದೆ. "ಅಷ್ಟೇನಾ" ಅಂತ ಮುಖ ಸಣ್ಣ ಮಾಡ್ಕೊಂಡ.

ಬರ್ತೀನಿ. ನೀನು ಹೇಳಿದ ದಿನ ಬರ್ತೀನಿ. ಆದ್ರೆ ಪ್ರಶ್ನೆ ಅಂದ್ರೆ ನನಗೆ ಕೈಕಾಲು ಆಡಲ್ಲ. ಕೆಳಗಿನ ನೀರು ನೋಡಿದ್ರೆ ಏನೂ ಆಗಲ್ಲ, ಮೇಜಿನ ಆಚೆ ಕೂತೋರನ್ನ ನೋಡಿದ್ರೆ ನಾಲಿಗೆ ಒಣಗುತ್ತೆ. ಹಾಸ್ಟೆಲಿಗೆ ನಿನ್ನ ಸೇರಿಸೋಕೆ ಹೋದಾಗ ಪ್ರಿನ್ಸಿಪಾಲರು ನಿನ್ನ ಹುಟ್ಟಿದ ದಿನ ಕೇಳಿದ್ರು, ನಾನು ನನ್ನದು ಹೇಳ್ಬಿಟ್ಟೆ.

ನಿನ್ನ ವಿಷಯ ನನಗೆ ಗೊತ್ತಿರೋದು ಬರೀತೀನಿ, ಸರಿಯಾ ನೋಡು. ಬಲೂನ್ ಕಂಡ್ರೆ ಹೆದರ್ತೀಯ. ಯಾರಾದ್ರೂ ಊದೋಕೆ ಶುರು ಮಾಡಿದ್ರೆ ಸಾಕು, ಎರಡೂ ಕಿವಿ ಮುಚ್ಕೊಂಡು ಮಂಚದ ಕೆಳಗೆ. ಹಾಲಿನ ಮೇಲೆ ಕೆನೆ ಇದ್ರೆ ಲೋಟ ಮುಟ್ಟಲ್ಲ. ತೆಗೆದು ಕೊಟ್ರೂ ಇನ್ನೊಂದ್ಸಲ ಸೋಸು ಅಂತೀಯ. ಮಲಗುವಾಗ ನನ್ನ ಅಂಗಿಯ ಮೇಲಿಂದ ಎರಡನೇ ಗುಂಡಿ ಹಿಡ್ಕೊಂಡೇ ಮಲಗ್ಬೇಕು. ನಿದ್ದೆ ಹತ್ತಿದ ಮೇಲೆ ಬಿಡಿಸೋಕೆ ಹೋದ್ರೆ ಎದ್ದುಬಿಡ್ತಿದ್ದೆ, ಹಂಗಾಗಿ ನಾನೂ ಅಲ್ಲೇ ಮಲಗ್ತಿದ್ದೆ. ಆ ಒಂದು ಗುಂಡಿ ದಾರ ಯಾವಾಗ್ಲೂ ಸಡಿಲ. ಸಿಟ್ಟು ಬಂದ್ರೆ ನನ್ನ ಚಪ್ಪಲಿ ಬಚ್ಚಿಡ್ತೀಯ. ಆಗೆಲ್ಲ ನನ್ನ ಹೋಗೋ ಬಾರೋ ಅಂತಿದ್ದೆ. ಅಮ್ಮ ಬೈತಿದ್ಲು, ಅಪ್ಪಂಗೆ ಹಂಗನ್ನಬಾರದು ಅಂತ. ಅನ್ಲಿ ಬಿಡೆ ಅಂತಿದ್ದೆ ನಾನು.

ಇಷ್ಟು ಸಾಕಾ? ಇದೆಲ್ಲ ನಿನಗೆ ಆರು ವರ್ಷ ಆಗೋವರೆಗಿಂದು, ಅಮ್ಮ ಇದ್ದಾಗಿಂದು. ಆಮೇಲೆ ನೋಡಿದ್ದೆಲ್ಲ ನಿನ್ನ ಹಾಸ್ಟೆಲಿನ ವಿಸಿಟರ್ಸ್ ಹಾಲಲ್ಲಿ. ಅಲ್ಲಿ ನೀನು ತಲೆ ಬಾಚ್ಕೊಂಡು ಕೈಕಟ್ಟಿ ಕೂತಿರ್ತಿದ್ದೆ. ಅದರಿಂದ ಏನೂ ಗೊತ್ತಾಗಲ್ಲ.

ಅಪ್ಪ


ಆಗಸ್ಟ್ ೨೧

ಅಪ್ಪ,

ನಿಮ್ಮ ಕಾಗದವನ್ನು ಕ್ಲಾಸಿನಲ್ಲಿ ಓದಿದೆ, ಆಮೇಲೆ ಮೆಸ್ಸಿನಲ್ಲಿ ಓದಿದೆ. ಮೆಸ್ಸಿಗೆ ಹೋಗುವಾಗ ಓದಲಿಕ್ಕೆ ಏನಾದರೂ ಇದ್ದರೆ ಒಳ್ಳೆಯದು. ಎದುರಿನ ಕುರ್ಚಿ ಖಾಲಿ ಇರುವುದು ಅಷ್ಟಾಗಿ ಕಾಣುವುದಿಲ್ಲ. ರೂಮ್‌ಮೇಟ್ಸ್ ಒಳ್ಳೆಯವರು, ಚಿಂತೆ ಮಾಡಬೇಡಿ. ಅವರಿಗೆ ಅವರವರೇ ಇದ್ದಾರೆ ಅಷ್ಟೆ.

ಎರಡು ಕೋಣೆಯ ಪರೀಕ್ಷೆ ಹೇಗಿರುತ್ತದೆ ಎಂದು ಕೊನೆಗೂ ನೋಡಿದೆ. ನಮ್ಮ ಕೌಂಟರಿಗೆ ಒಬ್ಬರು ಅಜ್ಜಿ ಬರುತ್ತಾರೆ, ಎಲ್ಲರೂ ಗುಬ್ಬಜ್ಜಿ ಎನ್ನುತ್ತಾರೆ. ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಮುಟ್ಟುವುದಿಲ್ಲ. ಮಂಡಿನೋವಿಗೆ ಆಸ್ಪತ್ರೆಯ ಔಷಧಿ ಬೇಕು, ಅದಕ್ಕೆ ಕಾರ್ಡ್ ಬೇಕು. ಕಾಗದಪತ್ರ ಎಲ್ಲಿ ಎಂದರೆ, "ಪೆಟ್ಟಿಗೇಲಿತ್ತು, ಪೆಟ್ಟಿಗೆ ನೆಂಟರ ಮನೇಲಿತ್ತು, ಈಗ ನೆಂಟರೇ ಎಲ್ಲಿದಾರೋ" ಎಂದರು.

"ನಿಮ್ಮನ್ನ ಚೆನ್ನಾಗಿ ಬಲ್ಲೋರು ಯಾರಾದ್ರೂ?" ಎಂದು ಕೌಂಟರಕ್ಕ ಕೇಳಿದರು.

"ಯಾರೂ ಇಲ್ಲಮ್ಮ. ಪಕ್ಕದಲ್ಲಿ ಒಬ್ಬ ಇದಾನೆ, ಬೀಗ ರಿಪೇರಿಯೋನು. ಬೆಳಿಗ್ಗೆ ಅವನ ಮೂತಿ ಕಂಡ್ರೆ ಆವತ್ತಿನ ದಿನ ಕೆಟ್ಟಂಗೇ."

ಅಜ್ಜಿಯ ಮನೆಗೂ ಬೀಗದವರ ಮನೆಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ಚರಂಡಿಯ ವಿಷಯಕ್ಕೆ ಯಾವ ಕಾಲದಲ್ಲೋ ಜಗಳವಾಗಿ ಮಾತು ಬಿಟ್ಟಿದ್ದಾರೆ. ಕೌಂಟರಕ್ಕ ನನ್ನನ್ನು ಜೊತೆಗೆ ಕರೆದುಕೊಂಡು ಅವರ ಅಂಗಡಿಗೇ ಹೋದರು. ಬೀಗದವರು ಕೀಲಿಕೈ ಉಜ್ಜುತ್ತಿದ್ದರು. "ಆ ಮುದುಕಿಗಾ? ಅವಳ ಪರವಾಗಿ ನಾನಾ? ಚೆನ್ನಾಗಿದೆ" ಎಂದು ತಲೆ ಎತ್ತದೆ ಉಜ್ಜಿದರು. ಶನಿವಾರ ನೋಡಿದರೆ ಇಸ್ತ್ರಿ ಅಂಗಿ ಹಾಕಿಕೊಂಡು ನಮಗಿಂತ ಮೊದಲೇ ಬಂದು ನಿಂತಿದ್ದಾರೆ.

ಅಜ್ಜಿ ನನ್ನ ಕೈ ಬಿಡದೇ ಇದ್ದುದರಿಂದ ನಾನು ಅವರ ಕೋಣೆಯಲ್ಲಿದ್ದೆ. ಬೀಗದವರ ಕೋಣೆಯಲ್ಲಿದ್ದ ಕೌಂಟರಕ್ಕ ಅಲ್ಲಿಯ ಮಾತನ್ನು ಆಮೇಲೆ ಹೇಳಿದರು. ಎದ್ದ ಕೂಡಲೆ ಏನು ಮಾಡುತ್ತೀರಿ ಎಂದರೆ ಅಜ್ಜಿ "ಕೆಮ್ತೀನಿ" ಎಂದರು. ಆ ಕೋಣೆಯಲ್ಲಿ ಬೀಗದವರು, "ಕೆಮ್ಮುತ್ತೆ. ಮೊದಲು ಸಣ್ಣವು, ಕೊನೆಗೆ ಒಂದು ದೊಡ್ಡದು. ಆ ದೊಡ್ಡದು ಆಗೋವರೆಗೂ ನಾನು ಹಾಸಿಗೇಲಿ ಕಾಯ್ತಾ ಬಿದ್ದಿರ್ತೀನಿ" ಎಂದರಂತೆ. ಸಿಟ್ಟು ಬಂದರೆ? "ಅವನ ಗೋಡೆಗೆ ಪಾತ್ರೆ ಬಡೀತೀನಿ" ಎಂದರು ಅಜ್ಜಿ. ಅವರು, "ಗೋಡೆಗೆ ಪಾತ್ರೆ. ಸಿಟ್ಟು ಜಾಸ್ತಿ ಇದ್ರೆ ಮುಚ್ಚಳ" ಎಂದರಂತೆ. ಏನಕ್ಕೆ ಹೆದರುತ್ತೀರಿ ಎಂದಾಗ ಅಜ್ಜಿ, "ಬೆಳಿಗ್ಗೆ ಅವನ ಅಂಗಡಿ ಶಟರ್ ಸದ್ದು ಕೇಳಿಸಲಿಲ್ಲ ಅಂದ್ರೆ" ಎಂದರು. ಬೀಗದವರು, "ಅದಕ್ಕೆಂಥ ಹೆದರಿಕೆ" ಎಂದವರೇ, "ಒಂದಿನ ಜ್ವರ ಬಂದು ಅಂಗಡಿ ತೆಗೀಲಿಲ್ಲ ಸಾರ್. ಗೋಡೆ ಬಡಿದು ಬಡಿದು, ಬದುಕಿದೀಯೇನೋ ಅಂತ ಕೇಳ್ತು" ಎಂದರಂತೆ.

ಹೊಂದಿತು. ಹೊರಗೆ ಕೌಂಟರಕ್ಕ ಇದನ್ನೆಲ್ಲ ಹೇಳಿದ ಕೂಡಲೆ ಅಜ್ಜಿ ಬೀಗದವರಿಗೆ, "ಮುಚ್ಚಳದ ವಿಷಯ ಅಲ್ಯಾಕೋ ಹೇಳ್ದೆ?" ಎಂದು ಶುರು ಮಾಡಿದರು.

ಎಲ್ಲರದೂ ಹೀಗಾಗುವುದಿಲ್ಲ. ಅದೇ ದಿನ ಗಂಡ ಹೆಂಡತಿ ಇಬ್ಬರು ಫೇಲಾದರು. ತುಂಬಾ ವರ್ಷ ಸಂಸಾರ ಮಾಡಿದವರು. ಹೊರಗಿನ ಬೆಂಚಿನಲ್ಲಿ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಾ ಕೂತಿದ್ದರು. ಅದನ್ನು ನೋಡಿದಾಗಿನಿಂದ ನನಗೆ ಟೆನ್ಶನ್.

ಈಗ ನಿಮ್ಮ ಲಿಸ್ಟು. ಬೇಜಾರು ಮಾಡಿಕೊಳ್ಳಬೇಡಿ, ಅದರಲ್ಲಿ ಒಂದೂ ಈಗ ನಿಜವಿಲ್ಲ. ಬಲೂನು ಕಂಡರೆ ಏನೂ ಅನ್ನಿಸುವುದಿಲ್ಲ. ಹಾಲು ಬಿಟ್ಟೇ ಎಷ್ಟೋ ಕಾಲವಾಯಿತು, ಹಾಸ್ಟೆಲ್ ಹಾಲಿನಲ್ಲಿ ಕೆನೆ ಕಟ್ಟುವಷ್ಟು ಹಾಲೇ ಇರುತ್ತಿರಲಿಲ್ಲ. ಈಗ ಕುಡಿಯುವುದು ಕಪ್ಪು ಟೀ, ಸಕ್ಕರೆ ಹಾಕದ್ದು. ಮಲಗುವುದು ಗೋಡೆಯ ಕಡೆ ಮುಖ ಮಾಡಿ. ಸಿಟ್ಟು ಬಂದರೆ ಬಟ್ಟೆ ಮಡಿಸುತ್ತೇನೆ, ಮಡಿಸಿದ್ದನ್ನೇ ಬಿಚ್ಚಿ ಇನ್ನೊಮ್ಮೆ ಮಡಿಸುತ್ತೇನೆ. ಭಯ ಎಂದರೆ, ಇದನ್ನು ಬರೆಯಲಿಕ್ಕೆ ಒಂಥರಾ ಆಗುತ್ತದೆ, ಖಾಲಿ ಕಾರಿಡಾರ್. ಎಲ್ಲ ಬಾಗಿಲೂ ಮುಚ್ಚಿ, ಟ್ಯೂಬ್‌ಲೈಟ್ ಮಾತ್ರ ಉರಿಯುತ್ತಿರುವ ಉದ್ದನೆಯ ಕಾರಿಡಾರ್. ಇಷ್ಟನ್ನೂ ಬಾಯಿಪಾಠ ಮಾಡಿ. ಹಳೆಯದನ್ನು ದಯವಿಟ್ಟು ಮರೆತುಬಿಡಿ.

ನಿಮ್ಮ ಬಗ್ಗೆಯೂ ಕೇಳುತ್ತಾರಂತೆ. ನೀವು ಎದ್ದ ಕೂಡಲೆ ಏನು ಮಾಡುತ್ತೀರಿ? ನೀವು ಏಳುವುದನ್ನು ನಾನು ನೋಡಿದ ನೆನಪಿಲ್ಲ. ಆಗ ನಾನು ಯಾವಾಗಲೂ ನಿಮಗಿಂತ ತಡವಾಗಿ ಏಳುತ್ತಿದ್ದೆ.

ನಿಮ್ಮ ಮಗಳು


ಸೆಪ್ಟೆಂಬರ್ ೧೪

ಮರಿ,

ಬಾಯಿಪಾಠ ನಡೀತಾ ಇದೆ. ಉದ್ದಣ್ಣ ಮೇಲೆ ಹಗ್ಗ ಹಿಡ್ಕೊಂಡು ಆಫೀಸರ್ ದನಿ ತೆಗೀತಾನೆ. "ಹೇಳ್ರೀ, ನಿಮ್ಮ ಮಗಳು ಏನು ಕುಡೀತಾಳೆ?" ನಾನು ಕೆಳಗಿಂದ "ಕಪ್ಪು ಟೀ" ಅಂತ ಕೂಗ್ತೀನಿ. "ಸಕ್ಕರೆ?" "ಇಲ್ಲ." ತಪ್ಪಿದ್ರೆ ಹಗ್ಗ ಜಗ್ಗಿ ಅಲ್ಲಾಡಿಸ್ತಾನೆ. ಮೊದಲನೇ ವಾರ ಪಾಪಿ ಬಹಳ ಅಲ್ಲಾಡಿಸಿದ, ಒಂದು ಬ್ರಶ್ ನೀರಿಗೆ ಹೋಯ್ತು. ಈಗ ಇಡೀ ಗ್ಯಾಂಗಿಗೆ ನಿನ್ನ ವಿಷಯ ಗೊತ್ತು. ಊಟಕ್ಕೆ ಕೂತಾಗ ಅಡುಗೆಯೋನು "ಹುಡುಗಿ ಸಕ್ಕರೆ ಯಾಕೆ ಬಿಟ್ಲು?" ಅಂದ. ಅದನ್ನ ಬರೆದಿಲ್ಲ ಅಂದೆ.

ನನ್ನದು ಕೇಳಿದೀಯ. ಎದ್ದ ಕೂಡಲೆ ಹೋಗಿ ಕಬ್ಬಿಣ ಮುಟ್ಟಿ ನೋಡ್ತೀನಿ. ಅಂಗೈ ಒದ್ದೆಯಾದ್ರೆ ಇಬ್ಬನಿ ಇದೆ ಅಂತ ಅರ್ಥ, ಬಣ್ಣ ಹಿಡಿಯಲ್ಲ, ಕಾಯ್ಬೇಕು. ಒಣಗಿದ್ರೆ ಕೆಲಸ. ಮುಖ ತೊಳೆಯೋದು, ಯಾರ ಹತ್ರಾನಾದ್ರೂ ಮಾತಾಡೋದು ಎಲ್ಲ ಆಮೇಲೆ. ರಜೆ ದಿನವೂ ಕೈ ತಾನಾಗೇ ಹೋಗುತ್ತೆ, ಕಬ್ಬಿಣ ಸಿಗದಿದ್ರೆ ಮಂಚದ ಕಾಲಾದ್ರೂ ಮುಟ್ತೀನಿ. ಬೇರೇನೂ ಇಲ್ಲ ನನ್ನಲ್ಲಿ. ಬರೆಯೋಕೆ ಕೂತ್ರೆ ಒಂದು ಸಾಲಿಗೇ ಮುಗಿಯುತ್ತೆ.

ಒಂದು ಕೇಳ್ಲಾ. ಖಾಲಿ ಕಾರಿಡಾರ್ ಅಂತ ಬರೆದಿದೀಯ. ಅದು ಯಾವಾಗಿಂದ? ಆಫೀಸರ್ ಕೇಳಿದ್ರೆ ಗೊತ್ತಿರ್ಲಿ ಅಂತ ಕೇಳಿದೆ ಅಷ್ಟೆ.

ಅಪ್ಪ


ಅಕ್ಟೋಬರ್ ೫

ಅಪ್ಪ,

ದಿನ ಗೊತ್ತಾಯಿತು, ಇದೇ ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ. ನಿಮ್ಮ ಒರಿಜಿನಲ್ ಕಾರ್ಡ್ ತನ್ನಿ, ಜೆರಾಕ್ಸ್ ನಡೆಯುವುದಿಲ್ಲ. ಬಸ್‌ಸ್ಟಾಂಡಿನಿಂದ ನೇರ ಬಂದರೆ ಟೈರ್ ಅಂಗಡಿಯ ಪಕ್ಕ ಬೂದು ಬಣ್ಣದ ಕಟ್ಟಡ. ಬಣ್ಣ ಎದ್ದು ಬಂದಿದೆ, ನೋಡಿದರೆ ನಿಮಗೆ ಸಂಕಟವಾಗುತ್ತದೆ. ನಾನು ಮೆಟ್ಟಿಲ ಕೆಳಗೆ ಇರುತ್ತೇನೆ. ಹಾಸ್ಟೆಲಿಗೆ ಬರುವುದು ಬೇಡ, ಇಲ್ಲಿಯೂ ಇರುವುದು ವಿಸಿಟರ್ಸ್ ಹಾಲೇ. ನೀವು ಕೇಳಿದ್ದಕ್ಕೆ ಈ ಪೋಸ್ಟ್‌ಕಾರ್ಡಿನಲ್ಲಿ ಜಾಗ ಸಾಲದು.

ನಿಮ್ಮ ಮಗಳು


ನವೆಂಬರ್ ೧೯

ಮರಿ,

ಈ ಕಾಗದ ಶುರು ಮಾಡೋದು, ಬಿಡೋದು, ಹಿಂಗೇ ಆಯ್ತು. ಪರೀಕ್ಷೆ ದಿನ ಬಸ್ಸಿಗೆ ಹೊತ್ತಾಯ್ತು ಅಂದೆನಲ್ಲ, ಬಸ್ಸಿದ್ದಿದ್ದು ಸಂಜೆಗೆ. ಬಸ್‌ಸ್ಟಾಂಡಲ್ಲೇ ಕೂತಿದ್ದೆ.

ಆಫೀಸರ್ ಹೊರಗೆ ಬಂದು "ಹೊಂದಿಲ್ಲ" ಅಂದಾಗ ನೀನು ಅಳ್ತೀಯ ಅನ್ಕೊಂಡೆ. ನೀನು ನನ್ನ ತೋಳಿನ ಮೇಲಿದ್ದ ದಾರದ ಎಳೆ ತೆಗೆದು, "ಪರವಾಗಿಲ್ಲ, ಟೀ ಕುಡಿಯೋಣ ಬನ್ನಿ" ಅಂದೆ. ಅಂಗಡಿಯೋನು ಇಬ್ಬರಿಗೂ ಹಾಲಿನ ಟೀ ಕೊಟ್ಟ. ನೀನು ಸುಮ್ನೆ ಕುಡಿದೆ. ನಾನೂ ಕುಡಿದೆ. ಅಲ್ಲಾದ್ರೂ ಬಾಯಿ ಬಿಡಬೇಕಿತ್ತು, ಅವಳಿಗೆ ಕಪ್ಪು ಟೀ ಕಣಯ್ಯ, ಸಕ್ಕರೆ ಹಾಕ್ಬೇಡ ಅಂತ. ಅಷ್ಟು ದಿನ ಹಗ್ಗದಲ್ಲಿ ನೇತಾಡ್ಕೊಂಡು ಕಲಿತಿದ್ದು ಅದೊಂದು ಕಡೆ ಉಪಯೋಗಕ್ಕೆ ಬರ್ತಿತ್ತು.

ಎಲ್ಲಿ ತಪ್ಪಿದೆ ಅಂತ ಯೋಚಿಸಿ ಯೋಚಿಸಿ ಸಾಕಾಯ್ತು. ಏನು ಕುಡೀತಾಳೆ ಅಂದ್ರು, ಕಪ್ಪು ಟೀ ಅಂದೆ. ಹೇಗೆ ಮಲಗ್ತಾಳೆ ಅಂದ್ರು, ಗೋಡೆ ಕಡೆ ಮುಖ ಮಾಡಿ ಅಂದೆ. ಏನಕ್ಕೆ ಹೆದರ್ತಾಳೆ ಅಂದ್ರು, ಖಾಲಿ ಕಾರಿಡಾರಿಗೆ ಅಂದೆ. ನನ್ನ ಬಗ್ಗೆ ಕೇಳಿದ್ದು ಒಂದೇ, ಎದ್ದ ಕೂಡಲೆ ಏನು ಮಾಡ್ತೀರಿ ಅಂತ. ಕಬ್ಬಿಣ ಮುಟ್ತೀನಿ ಅಂದೆ. ಎಲ್ಲ ನೀನು ಬರೆದಂಗೇ. ತೊದಲಿದೆ, ನಿಜ. ಆದ್ರೆ ಹೇಳಿದ್ದು ಅದೇ. ಕಾರಿಡಾರ್ ಅಂದಾಗ ಆಫೀಸರ್ ಪೆನ್ನು ಎತ್ತಿ ಯಾಕೆ ಅಂದ್ರು. ಗೊತ್ತಿಲ್ಲ ಸಾರ್ ಅಂದೆ. ಅಲ್ಲೇ ತಪ್ಪಾಯ್ತಾ? ಅಪ್ಪ ಆದೋನಿಗೆ ಗೊತ್ತಿರಬೇಕಿತ್ತಲ್ಲ ಅಂತ ಹೊಂದಿಲ್ಲ ಅಂದ್ರಾ?

ಉದ್ದಣ್ಣ ಈಗ ಏನೂ ಕೇಳಲ್ಲ. ಸುಮ್ನೆ ಹಗ್ಗ ಹಿಡ್ಕೊಂಡಿರ್ತಾನೆ. ನಿನ್ನ ರೂಮಿನ ಕಥೆ ಏನಾಯ್ತು? ಎಲ್ಲಿ ತಪ್ಪಿದೆ ಅಂತ ಬರಿ.

ಅಪ್ಪ


ನವೆಂಬರ್ ೨೮

ಅಪ್ಪ,

ನೀನು ಎಲ್ಲಿಯೂ ತಪ್ಪಿಲ್ಲ.

ಆವತ್ತು ನೀನು ಬೆಂಚಿನ ಮೇಲೆ ಕೂತಿದ್ದೆಯಲ್ಲ, ಕೈಯಲ್ಲಿ ನನ್ನ ಕಾಗದ, ಮಡಚಿ ಮಡಚಿ ಮಡಿಕೆಯೇ ಹರಿದುಹೋಗಿತ್ತು. ತುಟಿ ಅಲ್ಲಾಡುತ್ತಿತ್ತು. ಪಕ್ಕದಲ್ಲಿದ್ದವರು ಜರುಗಿ ಕೂತರು. ಆಫೀಸರ್ ಕರೆದಾಗ ನೀನು ಎದ್ದು ನಿಂತ ರೀತಿ ನೋಡಿ ನನಗೆ ಅನಿಸಿತು, ಮುಗೀತು, ಅಪ್ಪನಿಗೆ ಎಲ್ಲ ಮರೆತುಹೋಗುತ್ತದೆ. ಮೇಜಿನ ಮುಂದೆ ಕೂತ ಕೂಡಲೆ ನಾಲಿಗೆ ಒಣಗುತ್ತದೆ. ಹೊಸದಾಗಿ ಕಲಿತದ್ದು ಬಾಯಿಗೆ ಬರುವುದಿಲ್ಲ, ಹಳೆಯದೇ ಬರುತ್ತದೆ.

ಅದಕ್ಕೇ ನಾನು ನಿನ್ನ ಉತ್ತರಗಳನ್ನು ಹೇಳಿದೆ.

ಏನು ಕುಡಿಯುತ್ತೀಯ ಎಂದರು. ಹಾಲು, ಕೆನೆ ಸೋಸಿದ್ದು ಎಂದೆ. ಏನಕ್ಕೆ ಹೆದರುತ್ತೀಯ ಎಂದರು. ಬಲೂನಿಗೆ ಎಂದೆ. ಹೇಗೆ ಮಲಗುತ್ತೀಯ ಎಂದಾಗ, ಅಪ್ಪನ ಅಂಗಿಯ ಎರಡನೇ ಗುಂಡಿ ಹಿಡಿದುಕೊಂಡು ಎಂದೆ. ನನ್ನ ಕೋಣೆಯಲ್ಲಿದ್ದ ಆಫೀಸರ್ ಮೇಡಂ ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಈಗ್ಲೂನಾ?" ಎಂದರು. ಹ್ಞೂ ಎಂದೆ. ಅವರು ಬರೆದುಕೊಂಡರು.

ನೀನು ಗೋಡೆಯ ಆ ಕಡೆ ನನ್ನದನ್ನು ಹೇಳುತ್ತಿದ್ದೆ, ನಾನು ಈ ಕಡೆ ನಿನ್ನದನ್ನು ಹೇಳುತ್ತಿದ್ದೆ. ಹೊಂದಿದ್ದು ಕಬ್ಬಿಣ ಒಂದೇ. ನಾನು ಅವರ ಕೌಂಟರಿನವಳೇ ಎಂದು ಆವತ್ತು ಕೌಂಟರಕ್ಕನನ್ನು ಯಾವ ಕೋಣೆಗೂ ಬಿಟ್ಟಿರಲಿಲ್ಲ, ಹಾಗಾಗಿ ನೀನು ಏನು ಹೇಳಿದೆ ಎನ್ನುವುದು ನನಗೂ ಗೊತ್ತಿರಲಿಲ್ಲ. ಇಷ್ಟು ದಿನ ನಿನಗೆ ಏನೂ ನೆನಪಿಗೆ ಬರಲಿಲ್ಲ, ತೋಚಿದ್ದು ಹೇಳಿ ಬಂದೆ ಎಂದುಕೊಂಡಿದ್ದೆ. ಅದಕ್ಕೇ ನಾನೂ ಬರೆಯಲಿಲ್ಲ. ಬಟ್ಟೆ ಮಡಿಸುತ್ತಿದ್ದೆ.

ನಿನ್ನ ಕಾಗದವನ್ನು ಕೌಂಟರಕ್ಕನಿಗೆ ತೋರಿಸಿದೆ. ಓದಿ ನಕ್ಕರು, ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ತುಂಬಾ ಹೊತ್ತು ಒರೆಸಿದರು. "ಸುಳ್ಳು ಹೇಳಿ ಪಾಸಾದೋರನ್ನ ಬೇಕಾದಷ್ಟು ನೋಡಿದೀನಿ. ಒಬ್ಬರಿಗೊಬ್ಬರು ಬಿಟ್ಟುಕೊಟ್ಟು ಫೇಲಾದೋರು ನೀವೇ ಮೊದಲು" ಎಂದರು. ಇನ್ನೊಂದು ಚಾನ್ಸ್ ಇದೆ ಅಪ್ಪ. ಡಿಸೆಂಬರಿನ ಮೂರನೇ ಶನಿವಾರ. ಆ ಸಲವೂ ಹೊಂದದಿದ್ದರೆ ಒಂದು ವರ್ಷ ಅರ್ಜಿ ಹಾಕುವ ಹಾಗಿಲ್ಲ. ವಾರ್ಡನ್ ಅಲ್ಲಿಯವರೆಗೆ ರೂಮು ಇಟ್ಟಿರುತ್ತಾರೆ, ಅದರಾಚೆಗೆ ಆಗುವುದಿಲ್ಲ ಎಂದಿದ್ದಾರೆ. ಪ್ರಶ್ನೆಗಳು ಬೇರೆ ಇರುತ್ತವೆ.

"ಈ ಸಲ ಕಾಗದದಲ್ಲಿ ಪಾಠ ಮಾಡ್ಬೇಡ ಕಣೆ. ಎರಡು ದಿನ ಇಬ್ರೂ ಒಂದು ಮನೇಲಿರಿ, ತಾನಾಗೇ ಗೊತ್ತಾಗುತ್ತೆ" ಎಂದರು ಕೌಂಟರಕ್ಕ.

"ಯಾವ ಮನೇಲಿ ಅಕ್ಕ?" ಎಂದೆ.

ಗುಬ್ಬಜ್ಜಿ ಹೊಸ ಔಷಧಿಯ ಪೊಟ್ಟಣ ತೋರಿಸಲಿಕ್ಕೆ ಬಂದು ಕೂತಿದ್ದರು. ಕಾರ್ಡ್ ಬಂದಾಗಿನಿಂದ ಕೆಲಸ ಇಲ್ಲದಿದ್ದರೂ ಬಂದು ಕೂರುತ್ತಾರೆ. "ನನ್ ಮನೆಗೇನು ಬೀಗ ಹಾಕಿದೀನಾ?" ಎಂದರು. "ಬೀಗಾನೇ ಇಲ್ಲ ಅದಕ್ಕೆ, ಆ ಮೂತಿ ಹತ್ರ ಯಾರು ಹೋಗಿ ತಗೋತಾರೆ. ಮುಂದಿನ ಕೋಣೆ ಖಾಲಿ ಬಿದ್ದಿದೆ, ಅಪ್ಪನ್ನ ಬರಹೇಳು. ಜೋರಾಗೇ ಮಾತಾಡಿ, ಗೋಡೆ ಆಚೆ ಅವನಿಗೂ ಹೊತ್ತು ಹೋಗ್ಲಿ."

ನಾನು ಹೋಗಿ ಕೋಣೆ ನೋಡಿಕೊಂಡು ಬಂದೆ. ಒಂದು ಕಬ್ಬಿಣದ ಮಂಚ ಇದೆ, ಕೆಳಗೆ ಹಾಸಿಕೊಳ್ಳಲು ಜಾಗ ಇದೆ. ಕಿಟಕಿ ತೆಗೆದರೆ ಬೀಗದವರ ಅಂಗಡಿಯ ಬೆನ್ನು.

ನೀನು ಕೇಳಿದ್ದೆ, ಕಾರಿಡಾರಿನ ಭಯ ಯಾವಾಗಿನಿಂದ ಎಂದು. ಮೂರನೇ ಕ್ಲಾಸಿನ ದೊಡ್ಡ ರಜೆಯಿಂದ. ಎಲ್ಲರ ಮನೆಯವರೂ ಬಂದು ಕರೆದುಕೊಂಡು ಹೋದರು. ನಿನ್ನ ಸೇತುವೆ ಮುಗಿದಿರಲಿಲ್ಲ. ನಾನು ಪೆಟ್ಟಿಗೆ ತುಂಬಿಸಿಕೊಂಡು ಕಾರಿಡಾರಿನ ತುದಿಯಲ್ಲಿ ಅದರ ಮೇಲೇ ಕೂತಿದ್ದೆ. ಯಾರ ಹೆಜ್ಜೆ ಸದ್ದು ಕೇಳಿದರೂ ಎದ್ದು ನಿಲ್ಲುತ್ತಿದ್ದೆ. ಕೊನೆಗೆ ಆಯಾ ಬಂದು, "ಪೆಟ್ಟಿಗೆ ಬಿಚ್ಚು ಮಗೂ" ಎಂದರು. ನೀನು ಬಂದೆ, ಬರಲಿಲ್ಲ ಎಂದು ಹೇಳುತ್ತಿಲ್ಲ. ಆಮೇಲೆ ಬಂದೆ. ಉಗುರಿನ ಸಂದಿಯಲ್ಲೆಲ್ಲ ಕೆಂಪು ಬಣ್ಣ ಇತ್ತು, ಕೈ ತೊಳೆಯಲಿಕ್ಕೂ ನಿಲ್ಲದೆ ಹೊರಟಿದ್ದೆ ಎಂದು ಈಗ ಅನ್ನಿಸುತ್ತದೆ. ಆಫೀಸರ್ ಕೇಳಿದರೆ ಗೊತ್ತಿರಲಿ ಎಂದು ಬರೆದೆ. ಹಾಗೂ ಅಲ್ಲ. ನಿನಗೆ ಗೊತ್ತಿರಲಿ ಎಂದು ಬರೆದೆ.

ಇನ್ನೊಂದು. ಬಲೂನು ಕಂಡರೆ ಏನೂ ಅನ್ನಿಸುವುದಿಲ್ಲ ಎಂದು ಬರೆದಿದ್ದೆ. ಕಾಲೇಜು ಶುರುವಾದ ವಾರ ಹೊಸಬರಿಗೆ ಪಾರ್ಟಿ ಕೊಟ್ಟರು. ಹಾಲ್ ತುಂಬಾ ಬಲೂನು ಕಟ್ಟಿದ್ದರು. ನಾನು ಹೊರಗಿನ ಮೆಟ್ಟಿಲ ಮೇಲೆ ಕಿವಿ ಮುಚ್ಚಿಕೊಂಡು ಕೂತಿದ್ದೆ. ಆವತ್ತಿನಿಂದ ನನಗೆ ಜಂಬ ಎಂದು ಎಲ್ಲರೂ ತಿಳಿದುಕೊಂಡಿದ್ದಾರೆ. ಹೋಗಿ ಹೇಳೋಣವೆಂದರೆ ಹೇಗೆ ಶುರು ಮಾಡಬೇಕೋ ಗೊತ್ತಾಗುವುದಿಲ್ಲ. ಆದ್ದರಿಂದ ನಿನ್ನ ಲಿಸ್ಟಿನಲ್ಲಿ ಒಂದಾದರೂ ನಿಜವಾಗಿತ್ತು.

ಈ ಸಲ ಏನನ್ನೂ ಬಾಯಿಪಾಠ ಮಾಡಬೇಡ. ಉದ್ದಣ್ಣನಿಗೆ ಹಗ್ಗ ಅಲ್ಲಾಡಿಸಬೇಡ ಎಂದು ನಾನು ಹೇಳಿದೆ ಅಂತ ಹೇಳು. ಪರೀಕ್ಷೆಯ ವಾರ ಗುರುವಾರವೇ ಬಾ. ನೀನು ಎದ್ದು ಮಂಚದ ಕಾಲು ಮುಟ್ಟುವ ಹೊತ್ತಿಗೆ ನಾನು ಎದ್ದು ಕೂತಿರುತ್ತೇನೆ, ನೋಡಬೇಕು. ಶನಿವಾರ ಮುಗಿದ ಮೇಲೆ ಬಸ್ಸಿಗೆ ಹೊತ್ತಾಯ್ತು ಅಂದರೆ ಚಪ್ಪಲಿ ಸಿಗುವುದಿಲ್ಲ, ಈಗಲೇ ಹೇಳಿರುತ್ತೇನೆ.

ರಜೆ ಸಿಗುತ್ತದೋ ಇಲ್ಲವೋ ಕೇಳಿ ನೋಡು. ಗುಬ್ಬಜ್ಜಿ ಹಾಸಿಗೆ ಬಿಸಿಲಿಗೆ ಹಾಕಬೇಕಂತೆ, ದಿನಾ ನನ್ನನ್ನು ಕೇಳುತ್ತಿದ್ದಾರೆ. ಬರುತ್ತೀಯೋ ಇಲ್ಲವೋ, ಬೇಗ ಬರೆದು ಹಾಕು.

ನಿನ್ನ ಮರಿ